ಅಜ್ಜನ ಕೈಗೆ ಬಂದ ಬೈಬಲ್

ನಮ್ಮ ಕಥೋಲಿಕ ಮನೆತನ ಹರಿಹರಕ್ಕೆ ಬಂದದ್ದು ಹೊಟ್ಟೆಪಾಡಿಗೆ. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಲೇತ್ ತಯಾರಿಸುವ ಆ ಕಾರ್ಖಾನೆಯಲ್ಲಿ ಅಜ್ಜ ಟರ್ನರ್ ಆದರು. ಪಾಳಿಗೆ ಹೋಗುವ ಮುನ್ನ ಜಪಸರ ಹಿಡಿದು ಕೂರುತ್ತಿದ್ದರು. ಆದರೆ ಭಾನುವಾರದ ಬಲಿಪೂಜೆ ಲ್ಯಾಟಿನ್ನಿನಲ್ಲಿ. ಗುರುಗಳು ಪೀಠದ ಕಡೆ ಮುಖ ಮಾಡಿ ಹೇಳುವುದು ಅವರಿಗೆ ತಿಳಿಯುತ್ತಿರಲಿಲ್ಲ. ಗಂಟೆ ಬಾರಿಸಿದಾಗ ತಲೆ ಬಾಗಿಸುವುದು, ಎದ್ದು ಬರುವುದು, ಅಷ್ಟೇ. ದೇವರೆಂದರೆ ಅವರಿಗೆ ತಪ್ಪುಗಳ ಲೆಕ್ಕ ಬರೆದಿಡುವ ಮೇಸ್ತ್ರಿ.

1963ರ ಡಿಸೆಂಬರಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಗಳಿಗೆ ಪೂಜೆಯ ಬಾಗಿಲು ತೆರೆಯಿತು. ಮುಂದೆ ಕನ್ನಡ ಪೂಜೆ ಬಂತು, ಜನ ತಾವೂ ಬಾಯಿ ಬಿಟ್ಟು ಉತ್ತರ ಹೇಳತೊಡಗಿದರು. ಆ ದಿನಗಳಲ್ಲೇ ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದ ಪ್ರೊಟೆಸ್ಟೆಂಟ್ ಗೆಳೆಯರೊಬ್ಬರು ಅಜ್ಜನಿಗೆ ಕನ್ನಡ ಬೈಬಲ್ ಕೊಟ್ಟರು. ಅಜ್ಜ ಸಾಲಿನ ಕೆಳಗೆ ಬೆರಳಿಟ್ಟು ಲೂಕನ 15ನೇ ಅಧ್ಯಾಯ ಓದಿದರು. ಆಸ್ತಿ ಹಾಳು ಮಾಡಿಕೊಂಡು ಮರಳಿದ ಮಗನನ್ನು ತಂದೆ ಓಡಿಬಂದು ಅಪ್ಪಿಕೊಳ್ಳುವ ಕಥೆ ಅದು. ಮಗ ಒಪ್ಪಿಸಬೇಕೆಂದಿದ್ದ ಮಾತನ್ನು ಪೂರ್ತಿ ಹೇಳಲೂ ತಂದೆ ಬಿಡುವುದಿಲ್ಲ. ಅಜ್ಜ ಅಂದು ಊಟ ಮಾಡಲಿಲ್ಲವಂತೆ. ಮೇಸ್ತ್ರಿಯ ಭಯ ಅಲ್ಲಿಗೆ ಹೋಯಿತು ಎನ್ನುತ್ತಿದ್ದರು ಅಜ್ಜಿ. ಪಾಪನಿವೇದನೆಗೆ ನಡುಗುತ್ತ ಹೋಗುತ್ತಿದ್ದವರು ಹಗುರಾಗಿ ಬರತೊಡಗಿದರು. ನಾನು ಬಿಡುಗಡೆ ಎಂದು ನಂಬಿರುವುದು ಇದನ್ನೇ.

ಅಜ್ಜನ ಕೈಗೆ ಬಂದ ಆ ಕನ್ನಡ ಬೈಬಲಿನ ಹಿಂದೆ ದೊಡ್ಡ ದುಡಿಮೆ ಇದೆ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತರು; 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು.

ಸ್ವಂತವಾಗಿ ನಂಬಿದವರು ಎಷ್ಟು ನಿರ್ಭಯರಾಗಬಲ್ಲರು ಎಂಬುದನ್ನು ಬಾಸೆಲ್ ಮಿಶನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪನವರಲ್ಲಿ (1881–1962) ನೋಡಬೇಕು. ಕ್ರಿಸ್ತನ ಹಿಂದೆ ನಡೆದ ಅವರು ಬಸವಣ್ಣನನ್ನೂ ಸರ್ವಜ್ಞನನ್ನೂ ಬಿಡಲಿಲ್ಲ. ಹಳ್ಳಿಹಳ್ಳಿ ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ನಮ್ಮ ಕಡೆಯ ಕ್ರೈಸ್ತರು ಅವರನ್ನು ಓದಿಕೊಂಡಿರುವುದು ಕಡಿಮೆ. ಇದು ನನಗೆ ನೋವಿನ ಸಂಗತಿ.

ಹರಿಹರಕ್ಕಂತೂ ಎರಡನ್ನೂ ಅಪ್ಪಿಕೊಳ್ಳುವ ಇಂಥ ಮನಸ್ಸು ಹೊಸದಲ್ಲ. ಪೋಲಾಳ್ವ ದಂಡನಾಯಕ 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೈಯಲ್ಲಿ ನಿಂತಿದ್ದಾರೆ. ಇಲ್ಲಿನ ಆರೋಗ್ಯ ಮಾತೆಯ ಚರ್ಚಿಗೆ ಸೆಪ್ಟೆಂಬರ್ 8ರ ಹಬ್ಬದಂದು ಕೂಸು ಎತ್ತಿಕೊಂಡು ಮೇಣದಬತ್ತಿ ಹಚ್ಚಲು ಬರುವ ತಾಯಂದಿರಲ್ಲಿ ಎಲ್ಲ ಜಾತಿಯವರಿದ್ದಾರೆ. ಈ ಚರ್ಚಿಗೆ 2019ರಲ್ಲಿ ಬೆಸಿಲಿಕಾ ಪದವಿ ಸಿಕ್ಕಿತು. ಆ ಗೌರವ ನನಗೂ ಹೆಮ್ಮೆಯೇ. ಆದರೆ ಇಲ್ಲಿನ ವಿಶ್ವಾಸದ ಚರಿತ್ರೆ ಇನ್ನೂ ಮನೆಮನೆಗಳಲ್ಲೇ ಉಳಿದಿದೆ.

ಲ್ಯಾಟಿನ್ ಪೂಜೆ ಕಂಡವರು ಹರಿಹರ, ದಾವಣಗೆರೆಯಲ್ಲಿ ಈಗ ಕೆಲವರೇ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಪಕ್ಕ ಕೂತು ಕೇಳಿ, ಬರೆದಿಡಿ. ಅಟ್ಟದ ಮೇಲಿನ ಹಳೆಯ ಪ್ರಾರ್ಥನೆ ಪುಸ್ತಕಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ.