ಅವಧಿ ಮುಗಿದ ಪಾಲಿಸಿಗೆ ಜೀವ ಬಂದ ಕಥೆ

ಸ್ಕೂಟರಿನ ಹೊಸ ವಿಮಾ ಪಾಲಿಸಿ ಕೈಗೆ ಬಂದ ಮೇಲೆ ಹಳೆಯದನ್ನು ನಾವು ಸಾಮಾನ್ಯವಾಗಿ ರದ್ದಿಗೆ ಹಾಕುತ್ತೇವೆ. ಆದರೆ ಒಂದು ಕ್ಷಣ ಯೋಚಿಸಿ. ಹೋದ ವರ್ಷ ನಿಮ್ಮ ಸ್ಕೂಟರು ಯಾರಿಗೋ ಬಡಿದಿತ್ತು. ಅವರು ಈ ವರ್ಷ ಪರಿಹಾರ ಕೋರಿ ನ್ಯಾಯಾಲಯಕ್ಕೆ ಹೋದರು. ಹಣ ಕೊಡಬೇಕಾದ್ದು ಯಾವ ಪಾಲಿಸಿ? ಹೋದ ವರ್ಷದ್ದು. ಇಲ್ಲಿ ಲೆಕ್ಕಕ್ಕೆ ಬರುವುದು ಹಾನಿಯಾದ ದಿನ, ಪರಿಹಾರ ಕೇಳಿದ ದಿನವಲ್ಲ. ಈ ಸಣ್ಣ ನಿಯಮವೇ ಅಮೆರಿಕದಲ್ಲಿ ದಶಕಗಳ ಹಿಂದೆ ನೆಲಕ್ಕಿಳಿದ ವಿಷವನ್ನು ತೆಗೆಯಲು ಹಣ ಒದಗಿಸಿತು ಎಂದರೆ ನಿಮಗೆ ಆಶ್ಚರ್ಯವಾದೀತು.

ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಪ್ರಾಂತ್ಯದಲ್ಲಿ ಸ್ಟ್ರಿಂಗ್‌ಫೆಲೋ ಎಂಬ ಹೆಸರಿನ ಆಮ್ಲದ ಹೊಂಡಗಳಿದ್ದವು. ಕಾರ್ಖಾನೆಗಳ ದ್ರವತ್ಯಾಜ್ಯಕ್ಕೆ ಸರಿಯಾದ ಜಾಗ ಹುಡುಕುತ್ತಿದ್ದ ರಾಜ್ಯ ಸರ್ಕಾರ 1955ರಲ್ಲಿ ಅಲ್ಲಿನ ಕಣಿವೆಯೊಂದನ್ನು ತನ್ನ ಭೂವಿಜ್ಞಾನಿಯಿಂದ ಪರೀಕ್ಷೆ ಮಾಡಿಸಿತು. ತಳದಲ್ಲಿ ಗಟ್ಟಿ ಬಂಡೆಯಿದೆ, ಅಪಾಯವಿಲ್ಲ ಎಂಬ ವರದಿ ಬಂತು. 1956ರಿಂದ 1972ರವರೆಗೆ ಮೂರು ಕೋಟಿಗೂ ಹೆಚ್ಚು ಗ್ಯಾಲನ್ ತ್ಯಾಜ್ಯ ಅಲ್ಲಿಗೆ ಸೇರಿತು. ವಾಸ್ತವದಲ್ಲಿ ಬಂಡೆ ಬಿರುಕು ಬಿಟ್ಟಿತ್ತು; ಕಣಿವೆಯ ತಳದಿಂದ ಸುಮಾರು 70 ಅಡಿ ಕೆಳಗೆ ಅಂತರ್ಜಲವಿತ್ತು. ವಿಷ ಮೆಲ್ಲಗೆ ಆ ನೀರಿಗಿಳಿಯಿತು. 1969 ಮತ್ತು 1978ರ ಭಾರಿ ಮಳೆಗಳಲ್ಲಿ ಹೊಂಡದ ನೀರು ಹೊರಗೂ ಹರಿಯಿತು.

ಇದನ್ನು ಶುದ್ಧಗೊಳಿಸುವ ಖರ್ಚು ಯಾರದು? ಅಮೆರಿಕ 1980ರ ಡಿಸೆಂಬರಿನಲ್ಲಿ ಸೂಪರ್‌ಫಂಡ್ ಎಂದು ಹೆಸರಾದ ಕಾನೂನನ್ನು ತಂದಿತ್ತು. ತ್ಯಾಜ್ಯ ಸುರಿದ ಕಾಲದಲ್ಲಿ ಅದು ಕಾನೂನುಬದ್ಧವಾಗಿದ್ದರೂ ಸುರಿದವರು, ಜಾಗ ನಡೆಸಿದವರು ಖರ್ಚು ಹೊರಬೇಕು ಎಂಬುದು ಅದರ ಸಾರ. ಹೊಂಡಗಳ ವಿಷಯದಲ್ಲಿ ಕಾರ್ಖಾನೆಗಳಷ್ಟೇ ಅಲ್ಲ, ಜಾಗ ಆರಿಸಿದ ರಾಜ್ಯ ಸರ್ಕಾರವೂ ಹೊಣೆ ಎಂದು ಫೆಡರಲ್ ನ್ಯಾಯಾಲಯ 1998ರಲ್ಲಿ ತೀರ್ಮಾನಿಸಿತು. ಒಟ್ಟು ಖರ್ಚು 70 ಕೋಟಿ ಡಾಲರ್ ಮುಟ್ಟಬಹುದು ಎಂಬುದು ಸರ್ಕಾರದ್ದೇ ಅಂದಾಜು.

ಆಗ ನೆರವಿಗೆ ಬಂದದ್ದು ಹಳೆಯ ಕಡತ. ಇತರರಿಗೆ ತನ್ನಿಂದ ಹಾನಿಯಾದರೆ ಇರಲಿ ಎಂದು ಸರ್ಕಾರ 1964ರಿಂದ 1976ರವರೆಗೆ ಬೇರೆ ಬೇರೆ ಕಂಪನಿಗಳಿಂದ ಹೊಣೆಗಾರಿಕೆ ವಿಮೆ ಕೊಂಡಿತ್ತು. ಆ ಪಾಲಿಸಿಗಳನ್ನು ಮುಂದಿಟ್ಟು 1993ರಲ್ಲೇ ವಿಮಾ ಕಂಪನಿಗಳ ಮೇಲೆ ದಾವೆ ಹೂಡಿತು. ಆ ವರ್ಷಗಳಲ್ಲಿ ಆದ ಹಾನಿಗೆ ಮಾತ್ರ ನಮ್ಮ ಪಾಲು, ಉಳಿದದ್ದು ನಿಮ್ಮದು ಎಂದು ಕಂಪನಿಗಳು ವಾದಿಸಿದವು. ಆದರೆ ಯಾವ ಹನಿ ಯಾವ ವರ್ಷ ಇಳಿಯಿತೆಂದು ಬೇರ್ಪಡಿಸುವ ಉಪಾಯ ಯಾವ ಪ್ರಯೋಗಾಲಯದಲ್ಲೂ ಇಲ್ಲ. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 2012ರಲ್ಲಿ ಪಾಲಿಸಿಯ ಮಾತನ್ನೇ ಆಧಾರವಾಗಿ ಹಿಡಿಯಿತು. ವಿಮೆ ಕೊಂಡವನು ತೆರಬೇಕಾದ 'ಎಲ್ಲ ಮೊತ್ತ'ವನ್ನೂ ಕೊಡುತ್ತೇವೆಂದು ಕಂಪನಿಗಳು ಬರೆದುಕೊಟ್ಟಿದ್ದವು. ಆದ್ದರಿಂದ ಪ್ರತಿ ಕಂಪನಿಯೂ ತನ್ನ ಪಾಲಿಸಿಯ ಮಿತಿಯವರೆಗೆ ಇಡೀ ಹಾನಿಗೆ ಹೊಣೆ. ಬೇರೆ ಬೇರೆ ವರ್ಷಗಳ ಮಿತಿಗಳನ್ನು ಕೂಡಿಸಿಕೊಳ್ಳಲೂಬಹುದು ಎಂದು ತೀರ್ಪಿತ್ತಿತು.

ಇಂಥ ಮೊಕದ್ದಮೆಗಳಿಂದ ಅಮೆರಿಕದಲ್ಲಿ ಒಂದು ಹೊಸ ಕಸುಬೇ ಹುಟ್ಟಿತು. ಅದನ್ನು ವಿಮಾ ಪುರಾತತ್ತ್ವ ಎನ್ನಬಹುದು. ಪಾಲಿಸಿ ಕಳೆದುಹೋಗಿದ್ದರೂ ದಳ್ಳಾಳಿಯ ಲೆಕ್ಕದ ಪುಸ್ತಕ, ಕಂತು ಕಟ್ಟಿದ ಚೆಕ್ಕು, ಆಡಳಿತ ಮಂಡಳಿಯ ನಡಾವಳಿ, ಹಳೆಯ ಪತ್ರ, ಇವುಗಳಿಂದ ಅದು ಇತ್ತೆಂದು ಸಾಬೀತು ಮಾಡುವುದು ಈ ಶೋಧಕರ ಕೆಲಸ. ಧೂಳು ಹಿಡಿದ ದಾಖಲೆಗಳ ಕೋಣೆಯೇ ಇವರ ಉತ್ಖನನದ ಜಾಗ.

ವಿಮಾ ಕಂಪನಿಗಳ ಮಾತನ್ನೂ ಕೇಳಬೇಕು. ಕಂತು ಪಡೆಯುವಾಗ ಇಂಥ ಕಾನೂನು ಬರುವುದೆಂದು ಯಾರಿಗೂ ಗೊತ್ತಿರಲಿಲ್ಲ ಎಂಬುದು ಅವರ ಅಳಲು. 1970ರ ದಶಕದ ಆರಂಭದಲ್ಲಿ ಅವರು ಮಾಲಿನ್ಯವನ್ನು ಪಾಲಿಸಿಯಿಂದ ಹೊರಗಿಟ್ಟು, 'ಹಠಾತ್ತಾಗಿ, ಆಕಸ್ಮಿಕವಾಗಿ' ಆದದ್ದಕ್ಕೆ ಮಾತ್ರ ವಿನಾಯಿತಿ ಕೊಟ್ಟರು. 'ಹಠಾತ್' ಎಂದರೆ ಥಟ್ಟನೆಯೋ, ಅನಿರೀಕ್ಷಿತವೋ ಎಂದು ನ್ಯಾಯಾಲಯಗಳು ವರ್ಷಗಟ್ಟಲೆ ಚರ್ಚಿಸಿದವು. ಒಂದೊಂದು ರಾಜ್ಯದಲ್ಲಿ ಒಂದೊಂದು ಉತ್ತರ ಬಂತು. 1986ರ ಹೊತ್ತಿಗೆ ಆ ವಿನಾಯಿತಿಯೂ ಹೋಯಿತು. ಆದರೂ ಹಳೆಯ ಪಾಲಿಸಿಗಳ ಹೊರೆ ತಪ್ಪಲಿಲ್ಲ. ಕಲ್ನಾರು ಮತ್ತು ಮಾಲಿನ್ಯದ ದಾವೆಗಳು ಲಂಡನ್ನಿನ ಲಾಯ್ಡ್ಸ್ ವಿಮಾ ಮಾರುಕಟ್ಟೆಯನ್ನೇ ನಡುಗಿಸಿದವು. ಅಲ್ಲಿ ಬಂಡವಾಳ ಹೂಡಿದ್ದ ಸಾವಿರಾರು ಮಂದಿ ತಮ್ಮ ಸ್ವಂತ ಆಸ್ತಿಯಿಂದ ನಷ್ಟ ತುಂಬಬೇಕಾಯಿತು. ಹಳೆಯ ಹೊಣೆಗಳನ್ನು ಬೇರ್ಪಡಿಸಲು 1996ರಲ್ಲಿ ಈಕ್ವಿಟಾಸ್ ಎಂಬ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಬೇಕಾಯಿತು.

ನಮ್ಮ ದೇಶದಲ್ಲಿ 1984ರ ಭೋಪಾಲ್ ದುರಂತದ ನಂತರ 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಬಂತು. ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವವರು ಮುಂಚಿತವಾಗಿ ವಿಮೆ ಕೊಳ್ಳಲೇಬೇಕು, ಅಪಘಾತಕ್ಕೆ ಸಿಕ್ಕವರಿಗೆ ಬೇಗ ಪರಿಹಾರ ಸಿಗಬೇಕು ಎಂಬುದು ಅದರ ಉದ್ದೇಶ. ಆದರೆ ನೆಲದಲ್ಲಿ ಉಳಿದ ವಿಷದ ಪ್ರಶ್ನೆ ಬೇರೆಯೇ. ಭೋಪಾಲದ ಕಾರ್ಖಾನೆಯ ಆವರಣದಲ್ಲಿದ್ದ 337 ಟನ್ ತ್ಯಾಜ್ಯವನ್ನು ಪೀತಂಪುರಕ್ಕೆ ಸಾಗಿಸಿ ಸುಟ್ಟದ್ದು 2025ರಲ್ಲಿ, ದುರಂತವಾಗಿ 40 ವರ್ಷಗಳ ಮೇಲೆ. ಅದೂ ಸರ್ಕಾರದ ಬೊಕ್ಕಸದ ಹಣದಿಂದ.

ಈಗ ನಿಮಗೊಂದು ಮಾತು. ನೀವು ಸಹಕಾರ ಸಂಘವನ್ನೋ ಕಾರ್ಖಾನೆಯನ್ನೋ ನಡೆಸುವವರಾದರೆ, ಹಳೆಯ ಕಡತಗಳನ್ನು ತೂಕಕ್ಕೆ ಹಾಕುವ ಮುನ್ನ ಹೊಣೆಗಾರಿಕೆ ಪಾಲಿಸಿಗಳನ್ನು ತೆಗೆದಿಡಿ. ಅವು ಯಾವ ದಿನವನ್ನು ಲೆಕ್ಕಕ್ಕೆ ಹಿಡಿಯುತ್ತವೆ ಎಂದು ಓದಿ ನೋಡಿ. ಕೆಲವು ಪಾಲಿಸಿಗಳು ಹಾನಿಯಾದ ದಿನವನ್ನು ನೋಡುತ್ತವೆ. ಕೆಲವು ದೂರು ಬಂದ ದಿನವನ್ನು ಮಾತ್ರ ನೋಡುತ್ತವೆ. ಎರಡನೆಯ ಬಗೆಯದು ಅವಧಿಯೊಂದಿಗೆ ಮುಗಿಯಬಹುದು. ಮೊದಲನೆಯದಾದರೆ, ಅಂದು ಕಟ್ಟಿದ ಕಂತಿನ ಫಲ ಮುಂದೊಂದು ದಿನ ನಿಮ್ಮ ಊರಿನ ಬಾವಿಯ ನೀರಿಗೆ ಸಲ್ಲಬಹುದು.