ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕು ಮತ್ತು ಜಠರದ ಹುಣ್ಣು

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬುದು ಮಾನವನ ಜಠರದ ಒಳಪದರದಲ್ಲಿ ನೆಲೆಸುವ ಸುರುಳಿಯಾಕಾರದ ಬ್ಯಾಕ್ಟೀರಿಯಾ. ಜಠರ ಹಾಗೂ ಸಣ್ಣ ಕರುಳಿನ ಆರಂಭದ ಭಾಗದಲ್ಲಿ ಉಂಟಾಗುವ ಹುಣ್ಣುಗಳಿಗೆ ಇದು ಪ್ರಮುಖ ಕಾರಣ. ಖಾರದ ಊಟ ಮತ್ತು ಚಿಂತೆಯಿಂದಲೇ ಹುಣ್ಣಾಗುತ್ತದೆ ಎಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಇವು ತೊಂದರೆಯನ್ನು ಹೆಚ್ಚಿಸಬಹುದಾದರೂ ಮೂಲ ಕಾರಣಗಳಲ್ಲ. ಸೋಂಕಿನಿಂದ ಬಂದ ಹುಣ್ಣನ್ನು ಸೂಕ್ತ ಚಿಕಿತ್ಸೆಯಿಂದ ಗುಣಪಡಿಸಬಹುದು.

ಸಂಶೋಧನೆಯ ಹಿನ್ನೆಲೆ

ಆಸ್ಟ್ರೇಲಿಯಾದ ಪರ್ತ್ ನಗರದ ರೋಗಶಾಸ್ತ್ರಜ್ಞ ರಾಬಿನ್ ವಾರೆನ್ ಅವರು 1979ರಲ್ಲಿ ಜಠರದ ಅಂಗಾಂಶದಲ್ಲಿ ಈ ಬ್ಯಾಕ್ಟೀರಿಯಾವನ್ನು ಗಮನಿಸಿದರು. ಅವರು ಹಾಗೂ ವೈದ್ಯ ಬ್ಯಾರಿ ಮಾರ್ಷಲ್ 1982ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಬೆಳೆಸುವಲ್ಲಿ ಯಶಸ್ವಿಯಾದರು. ತೀವ್ರ ಆಮ್ಲವಿರುವ ಜಠರದಲ್ಲಿ ಬ್ಯಾಕ್ಟೀರಿಯಾ ಬದುಕಲಾರದೆಂದು ಅಂದು ಹೆಚ್ಚಿನ ವೈದ್ಯರು ಭಾವಿಸಿದ್ದರು. 1984ರಲ್ಲಿ ಮಾರ್ಷಲ್ ಈ ಬ್ಯಾಕ್ಟೀರಿಯಾವಿದ್ದ ದ್ರವವನ್ನು ಸ್ವತಃ ಕುಡಿದರು. ಕೆಲವೇ ದಿನಗಳಲ್ಲಿ ಅವರಿಗೆ ಜಠರದ ಉರಿಯೂತ ಉಂಟಾಯಿತು. ಇವರಿಬ್ಬರಿಗೂ 2005ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಸೋಂಕು ಮತ್ತು ಅದರ ಪರಿಣಾಮ

ಸೋಂಕು ಸಾಮಾನ್ಯವಾಗಿ ಬಾಲ್ಯದಲ್ಲಿಯೇ, ಹೆಚ್ಚಾಗಿ ಕುಟುಂಬದೊಳಗಿನ ನಿಕಟ ಸಂಪರ್ಕದಿಂದ ತಗಲುತ್ತದೆ. ಇಕ್ಕಟ್ಟಾದ ವಾಸ ಮತ್ತು ನೈರ್ಮಲ್ಯದ ಕೊರತೆ ಇದಕ್ಕೆ ಪೂರಕ. ಬ್ಯಾಕ್ಟೀರಿಯಾವು ಯೂರಿಯೇಸ್ ಎಂಬ ಕಿಣ್ವದ ಸಹಾಯದಿಂದ ಅಮೋನಿಯಾ ಉತ್ಪಾದಿಸಿ, ತನ್ನ ಸುತ್ತಲಿನ ಆಮ್ಲವನ್ನು ಶಮನಗೊಳಿಸಿಕೊಂಡು ಬದುಕುತ್ತದೆ. ಕ್ರಮೇಣ ಜಠರದ ರಕ್ಷಕ ಲೋಳೆಪದರ ದುರ್ಬಲಗೊಂಡು, ಆಮ್ಲವು ಒಳಗೋಡೆಯನ್ನು ಘಾಸಿಗೊಳಿಸುತ್ತದೆ.

ಸೋಂಕಿತರಲ್ಲಿ ಬಹುಪಾಲು ಜನರಿಗೆ ಯಾವುದೇ ಲಕ್ಷಣಗಳಿರುವುದಿಲ್ಲ. ಕೆಲವರಲ್ಲಿ ಮೇಲುಹೊಟ್ಟೆಯ ನೋವು ಅಥವಾ ಉರಿ, ಹೊಟ್ಟೆಯುಬ್ಬರ, ವಾಕರಿಕೆ ಕಂಡುಬರುತ್ತವೆ. ಹುಣ್ಣು ಉಲ್ಬಣಿಸಿದಲ್ಲಿ ರಕ್ತಸ್ರಾವವಾಗಬಹುದು ಅಥವಾ ಜಠರ ಇಲ್ಲವೇ ಕರುಳಿನಲ್ಲಿ ರಂಧ್ರ ಉಂಟಾಗಬಹುದು. ದೀರ್ಘಕಾಲದ ಸೋಂಕು ಜಠರದ ಕ್ಯಾನ್ಸರ್‌ನ ಅಪಾಯವನ್ನು ಹೆಚ್ಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 1994ರಲ್ಲಿಯೇ ಈ ಸೋಂಕನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ.

ರೋಗ ಪತ್ತೆ

ಉಸಿರಿನ ಯೂರಿಯಾ ಪರೀಕ್ಷೆ, ಮಲ ಪರೀಕ್ಷೆ ಅಥವಾ ಎಂಡೋಸ್ಕೋಪಿಯ ಮೂಲಕ ಪಡೆದ ಅಂಗಾಂಶದ ಪರೀಕ್ಷೆಯಿಂದ ಸೋಂಕನ್ನು ಪತ್ತೆಹಚ್ಚಲಾಗುತ್ತದೆ. ಆಮ್ಲ ತಗ್ಗಿಸುವ ಮಾತ್ರೆಗಳಿಂದ ಫಲಿತಾಂಶ ತಪ್ಪಾಗಬಹುದಾದ್ದರಿಂದ, ಸೇವಿಸುತ್ತಿರುವ ಎಲ್ಲ ಔಷಧಿಗಳ ವಿವರವನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸುವುದು ಅವಶ್ಯಕ.

ಚಿಕಿತ್ಸೆ

ಆಮ್ಲ ತಗ್ಗಿಸುವ ಔಷಧಿಯೊಂದಿಗೆ ಎರಡು ಅಥವಾ ಹೆಚ್ಚು ಔಷಧಿಗಳನ್ನು, ಮುಖ್ಯವಾಗಿ ಆಂಟಿಬಯಾಟಿಕ್‌ಗಳನ್ನು, ಸಾಮಾನ್ಯವಾಗಿ 14 ದಿನಗಳ ಕಾಲ ನೀಡಲಾಗುತ್ತದೆ. ನೋವು ಕಡಿಮೆಯಾಯಿತೆಂದು ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಬಾರದು. ಉಳಿದ ಬ್ಯಾಕ್ಟೀರಿಯಾಗಳು ಔಷಧಿಗೆ ಬಗ್ಗದಂತಾಗಬಹುದು. ಚಿಕಿತ್ಸೆ ಮುಗಿದ ಕನಿಷ್ಠ 4 ವಾರಗಳ ನಂತರ ಮರುಪರೀಕ್ಷೆ ಮಾಡಿಸಿ, ಸೋಂಕು ನಿವಾರಣೆಯಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಸಾರ್ವಜನಿಕರ ಗಮನಕ್ಕೆ

* 'ಗ್ಯಾಸ್ಟ್ರಿಕ್' ಎಂದು ಭಾವಿಸಿ ಅಂಗಡಿಯ ಮಾತ್ರೆಗಳನ್ನು ತಿಂಗಳುಗಟ್ಟಲೆ ಸೇವಿಸಬಾರದು. ಇದರಿಂದ ಉರಿ ಶಮನವಾದರೂ ಸೋಂಕು ಉಳಿಯುತ್ತದೆ.
* ಕೆಲವು ನೋವುನಿವಾರಕ ಮಾತ್ರೆಗಳೂ ಹುಣ್ಣಿಗೆ ಕಾರಣವಾಗುತ್ತವೆ. ಇವುಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.
* ಊಟಕ್ಕೆ ಮೊದಲು ಹಾಗೂ ಶೌಚದ ನಂತರ ಸಾಬೂನಿನಿಂದ ಕೈ ತೊಳೆಯಬೇಕು. ಶುದ್ಧ ನೀರನ್ನೇ ಕುಡಿಯಬೇಕು.
* ರಕ್ತವಾಂತಿ, ಡಾಂಬರಿನಂತೆ ಕಪ್ಪಾದ ಮಲ ಅಥವಾ ಹಠಾತ್ ತೀವ್ರ ಹೊಟ್ಟೆನೋವು ಕಂಡುಬಂದಲ್ಲಿ ರೋಗಿಯನ್ನು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.
* ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಅಥವಾ ನುಂಗಲು ಕಷ್ಟವಾಗುವುದು ಕಂಡುಬಂದಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು.