ಲಕ್ಷಣ ತಪ್ಪಿದ ಕಾರುಗಳು

1957ರ ಸೆಪ್ಟೆಂಬರ್ 4ರಂದು ಅಮೆರಿಕದ ಫೋರ್ಡ್ ಕಂಪನಿ ಹೊಸ ಕಾರೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರು ಎಡ್ಸೆಲ್. ಅದು ಹೆನ್ರಿ ಫೋರ್ಡ್‌ನ ತೀರಿಹೋದ ಮಗನ ಹೆಸರು. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಬಂದ ಜಾಹೀರಾತುಗಳು ಕಾರನ್ನು ಪೂರ್ತಿ ತೋರಿಸದೆ ಕುತೂಹಲ ಕೆರಳಿಸಿದ್ದವು. ಮುಸುಕು ಸರಿದಾಗ ಜನರ ಕಣ್ಣು ನಿಂತದ್ದು ಒಂದೇ ಕಡೆ. ಬೇರೆ ಕಾರುಗಳಿಗೆಲ್ಲ ಮುಂಭಾಗದ ಜಾಲರಿ ಅಡ್ಡಗಲವಾಗಿದ್ದರೆ, ಇದರ ಮೂತಿಯ ನಡುವೆ ಅದು ನೆಟ್ಟಗೆ, ಉದ್ದವಾಗಿ ನಿಂತಿತ್ತು. ಕೆಲವರಿಗೆ ಅದು ಕುದುರೆಯ ಕೊರಳಪಟ್ಟಿಯಂತೆ ಕಂಡಿತು, ಕೆಲವರಿಗೆ ಟಾಯ್ಲೆಟ್ ಸೀಟಿನಂತೆ. ಓಲ್ಡ್ಸ್‌ಮೊಬೈಲ್ ಕಾರು ನಿಂಬೆಹಣ್ಣು ಚೀಪುತ್ತಿರುವ ಹಾಗಿದೆ ಎಂಬ ಹಾಸ್ಯ ದೇಶದ ತುಂಬ ಹಬ್ಬಿತು. ವರ್ಷಕ್ಕೆ ಎರಡು ಲಕ್ಷ ಕಾರು ಮಾರುವ ಲೆಕ್ಕಾಚಾರ ಹಾಕಿದ್ದ ಕಂಪನಿ, ಮೂರು ಮಾದರಿ ವರ್ಷಗಳನ್ನು ಕೂಡಿಸಿದರೂ ಒಂದು ಲಕ್ಷಕ್ಕಿಂತ ತುಸು ಹೆಚ್ಚು ಮಾತ್ರ ಮಾರಿ, 1959ರ ನವೆಂಬರ್‌ನಲ್ಲಿ ಎಡ್ಸೆಲ್ ತಯಾರಿಕೆಯನ್ನೇ ನಿಲ್ಲಿಸಿತು.

ಎಡ್ಸೆಲ್‌ನ ವಿನ್ಯಾಸಕ ರಾಯ್ ಬ್ರೌನ್. ಈ ಸೋಲಿನ ನಂತರ ಕಂಪನಿ ಅವನನ್ನು ಇಂಗ್ಲೆಂಡಿನ ಶಾಖೆಗೆ ಕಳಿಸಿತು. ಅಲ್ಲಿ ಅವನ ಮೇಲುಸ್ತುವಾರಿಯಲ್ಲಿ ರೂಪುಗೊಂಡ ಕಾರು 1962ರಲ್ಲಿ ಬಂದ ಕಾರ್ಟಿನಾ. ಅದು ಬ್ರಿಟನ್ನಿನ ಅತ್ಯಂತ ಜನಪ್ರಿಯ ಕಾರುಗಳಲ್ಲಿ ಒಂದಾಯಿತು. ಐದು ವರ್ಷಗಳ ಅಂತರದಲ್ಲಿ ಒಂದೇ ಕೈ ಒಂದು ನಗೆಪಾಟಲಿನ ಕಾರನ್ನೂ ಮನೆಮಾತಾದ ಕಾರನ್ನೂ ಕೊಟ್ಟಿತ್ತು. ಹಾಗಾದರೆ ಕಾರನ್ನು ಕುರೂಪಿ ಮಾಡುವುದು ಯಾವುದು? ಕೈಯಲ್ಲಿ ಕಸುಬು ಇಲ್ಲದಿರುವುದಂತೂ ಅಲ್ಲ.

ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಪದವಿದೆ. ಚೆನ್ನಾಗಿ ಕಾಣುವವರನ್ನು ‘ಲಕ್ಷಣವಾಗಿದ್ದಾರೆ’ ಎನ್ನುತ್ತೇವೆ. ಇರಬೇಕಾದ ಗುರುತುಗಳು ಇರಬೇಕಾದ ಜಾಗದಲ್ಲಿವೆ ಎಂದು ಅದರ ಅರ್ಥ. ಇಲ್ಲದಿದ್ದರೆ ಅವಲಕ್ಷಣ. ಅಂದರೆ ಅಂದಚೆಂದದ ಮಾತಿನ ಹಿಂದೆ ಒಂದು ನಿರೀಕ್ಷೆ ಮೊದಲೇ ಕೂತಿರುತ್ತದೆ. ಕಾರಿನ ವಿಷಯದಲ್ಲಿ ಈ ನಿರೀಕ್ಷೆ ಬಹಳ ಗಟ್ಟಿಯಾದದ್ದು. ಮನುಷ್ಯನ ಕಣ್ಣು ಎಲ್ಲೆಡೆಯೂ ಮುಖ ಹುಡುಕುತ್ತದೆ. ಎರಡು ದೀಪ ಕಣ್ಣಾಗುತ್ತವೆ, ಜಾಲರಿ ಬಾಯಾಗುತ್ತದೆ. ಎಡ್ಸೆಲ್‌ನ ಬಾಯಿ ಲಂಬವಾಗಿತ್ತು. ಮುಖದಲ್ಲಿ ಒಂದು ಅಂಗ ಅಡ್ಡಾದಿಡ್ಡಿಯಾದರೆ ಉಳಿದ ಹದಿನೆಂಟು ಅಡಿ ಉದ್ದದ ಉಕ್ಕು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಖದ ನಂತರ ಕಣ್ಣು ಗಮನಿಸುವುದು ನಿಲುವನ್ನು. ಒಡಲಿನ ಗಾತ್ರಕ್ಕೆ ಚಕ್ರ ಸಾಲುತ್ತದೆಯೇ, ಅಗಲಕ್ಕೆ ಎತ್ತರ ಹೊಂದುತ್ತದೆಯೇ, ಚಕ್ರದಾಚೆ ಮೂತಿ ಎಷ್ಟು ಚಾಚಿದೆ ಎಂಬುದನ್ನು ನೋಡುವವರು ಅಳೆಯದೆಯೇ ಅಳೆದುಬಿಡುತ್ತಾರೆ.

ಈ ನಿರೀಕ್ಷೆಯನ್ನು ಮುರಿಯುವುದಕ್ಕೆ ತೆರಬೇಕಾದ ಬೆಲೆ ಏನೆಂದು ಮೊದಲು ಕಲಿತದ್ದು ಕ್ರೈಸ್ಲರ್ ಕಂಪನಿ. 1920ರ ದಶಕದ ಕೊನೆಯಲ್ಲಿ ಅದರ ಎಂಜಿನಿಯರ್ ಕಾರ್ಲ್ ಬ್ರೀರ್, ಗಾಳಿ ಕಾರಿನ ಸುತ್ತ ಹೇಗೆ ಹರಿಯುತ್ತದೆ ಎಂದು ಪರೀಕ್ಷಿಸತೊಡಗಿದ. ವಿಮಾನ ಹಾರಿಸಿದ ಆರ್ವಿಲ್ ರೈಟ್‌ನ ಸಲಹೆಯನ್ನೂ ಪಡೆದ. ಗಾಳಿಸುರಂಗದಲ್ಲಿ ಕಂಡ ಸಂಗತಿ ವಿಚಿತ್ರವಾಗಿತ್ತು. ಅಂದಿನ ಕಾರುಗಳು ಮುಂದಕ್ಕೆ ಓಡುವುದಕ್ಕಿಂತ ಹಿಂದುಮುಂದಾಗಿ ಓಡಿದರೆ ಗಾಳಿಯ ತಡೆ ಕಡಿಮೆಯಿತ್ತು! ನೆಟ್ಟಗೆ ನಿಂತ ರೇಡಿಯೇಟರ್, ಕಡ್ಡಿಯ ಮೇಲೆ ಕೂತ ದೀಪಗಳು, ಪ್ರತ್ಯೇಕ ರೆಕ್ಕೆಗಳಂತಿದ್ದ ಮಡ್‌ಗಾರ್ಡುಗಳು ಎಲ್ಲವೂ ಗಾಳಿಗೆ ಎದೆಯೊಡ್ಡುತ್ತಿದ್ದವು. 1934ರಲ್ಲಿ ಬಂದ ಕ್ರೈಸ್ಲರ್ ಏರ್‌ಫ್ಲೋ ಇವನ್ನೆಲ್ಲ ಒಡಲೊಳಗೆ ಸೇರಿಸಿಕೊಂಡಿತು. ಮೂತಿ ದುಂಡಗಾಯಿತು. ಎಂಜಿನ್ ಮುಂದಿನ ಅಚ್ಚಿನ ಮೇಲಕ್ಕೆ ಸರಿಯಿತು, ಹಿಂದಿನ ಸೀಟು ಹಿಂಬದಿ ಅಚ್ಚಿನ ಮೇಲಿಂದ ಮುಂದಕ್ಕೆ ಬಂತು. ಇದರಿಂದ ಕುಲುಕಾಟ ತಗ್ಗಿ ಸವಾರಿ ಹಿತವಾಯಿತು. ಉಕ್ಕಿನ ಒಡಲು ಎಷ್ಟು ಗಟ್ಟಿ ಎಂದು ತೋರಿಸಲು ಕಂಪನಿ ಕಾರನ್ನು ನೂರು ಅಡಿಗೂ ಮಿಕ್ಕಿದ ಕಡಿದಾದ ಎತ್ತರದಿಂದ ಉರುಳಿಸಿ, ಅದೇ ಕಾರನ್ನು ಓಡಿಸಿಕೊಂಡು ಹೋಗುವ ಚಿತ್ರವನ್ನೇ ತೆಗೆಯಿತು.

ಆದರೂ ಗಿರಾಕಿ ಬರಲಿಲ್ಲ. ತಯಾರಿಕೆ ತಡವಾದದ್ದು, ಮೊದಲ ಕಾರುಗಳಲ್ಲಿ ಕುಂದುಗಳಿದ್ದದ್ದು ಒಂದು ಕಾರಣ. ಎದುರಿಗಿದ್ದ ಮುಖ ಇನ್ನೊಂದು ಕಾರಣ. ಜನರಿಗೆ ಮೂತಿಯೇ ಇಲ್ಲದ ಕಾರಿನಂತೆ ಅದು ಕಂಡಿತು. ಮಾರನೆಯ ವರ್ಷ ಕಂಪನಿ ಚೂಪಾದ ಜಾಲರಿ ಅಂಟಿಸಿ ಹಳೆಯ ಮುಖದ ನೆನಪು ತರಿಸಲು ನೋಡಿತು. 1937ಕ್ಕೆ ಏರ್‌ಫ್ಲೋ ಮುಗಿಯಿತು. ವಿಚಿತ್ರವೆಂದರೆ, ಅಷ್ಟರಲ್ಲಾಗಲೇ ಅದರ ಆಕಾರ ಲೋಕಸಂಚಾರ ಹೊರಟಿತ್ತು. 1936ರಲ್ಲಿ ಬಂದ ಟೊಯೋಟಾ ಮನೆತನದ ಮೊದಲ ಕಾರಿನಲ್ಲಿ ಏರ್‌ಫ್ಲೋದ ಹೋಲಿಕೆ ಎದ್ದು ಕಾಣುತ್ತದೆ. ಹತ್ತು ವರ್ಷಗಳೊಳಗೆ ದೀಪ, ಮಡ್‌ಗಾರ್ಡುಗಳನ್ನು ಒಡಲೊಳಗೆ ಸೇರಿಸಿಕೊಳ್ಳದ ಹೊಸ ಕಾರು ಸಿಗುವುದೇ ಕಷ್ಟವಾಯಿತು. ಇತ್ತ ಕ್ರೈಸ್ಲರ್ ಮಾತ್ರ ಕೈ ಸುಟ್ಟುಕೊಂಡ ಭಯದಲ್ಲಿ 1955ರವರೆಗೂ ಸಪ್ಪೆ ಆಕಾರಗಳಿಗೇ ಅಂಟಿಕೊಂಡಿತು. ಜನ ನಕ್ಕದ್ದಕ್ಕೆ ಒಂದು ಕಾರು ಸತ್ತಿತು, ಆ ಕಾರನ್ನು ಮಾಡಿದವರ ಧೈರ್ಯ ಇಪ್ಪತ್ತು ವರ್ಷ ಮಲಗಿತು.

ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯ ಕಥೆ ಇದಕ್ಕೆ ತಿರುಗುಮುರುಗು. 1930ರ ದಶಕದಲ್ಲಿ ಅದರ ಮುಖ್ಯಸ್ಥ ಪಿಯೆರ್ ಬುಲಾಂಜೆ ತನ್ನ ಎಂಜಿನಿಯರುಗಳಿಗೆ ಹಳ್ಳಿಗರಿಗಾಗಿ ಒಂದು ಕಾರು ಮಾಡಲು ಹೇಳಿದ. ಇಬ್ಬರು ರೈತರು, 50 ಕಿಲೋ ಆಲೂಗಡ್ಡೆ ಅದರಲ್ಲಿ ಹಿಡಿಸಬೇಕು. 100 ಕಿಲೋಮೀಟರಿಗೆ ಮೂರು ಲೀಟರ್ ಪೆಟ್ರೋಲ್ ಸಾಕಾಗಬೇಕು. ಉತ್ತ ಹೊಲದಲ್ಲಿ ಓಡಿಸಿದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು. ನೋಡಲು ಹೇಗಿದ್ದರೂ ಚಿಂತೆಯಿಲ್ಲ. ನಡುವೆ ಯುದ್ಧ ಬಂತು. ಜರ್ಮನರ ಕೈಗೆ ಸಿಗದಿರಲೆಂದು ಮಾದರಿ ಕಾರುಗಳನ್ನು ಬಚ್ಚಿಟ್ಟರು, ಬಹಳಷ್ಟನ್ನು ನಾಶಮಾಡಿದರು. ಕೊನೆಗೆ 1948ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ ‘ದ ಶ್ವೋ’, ಅಂದರೆ ಎರಡು ಕುದುರೆ, ಎಂಬ ಹೆಸರಿನ ಕಾರು ಹೊರಬಂತು. ಸುಕ್ಕುಸುಕ್ಕಾದ ತಗಡಿನ ಬಾನೆಟ್, ಮಡಿಸಿಡುವ ಬಟ್ಟೆಯ ಚಾವಣಿ, ಬೇರೆಬೇರೆಯಾಗಿ ನಿಂತ ದೀಪಗಳು, 375 ಸಿಸಿಯ ಪುಟ್ಟ ಎಂಜಿನ್. ಇದರ ಜೊತೆ ಡಬ್ಬಿ ತೆರೆಯುವ ಚಾಕು ಕೊಡುತ್ತೀರಾ ಎಂದು ಒಬ್ಬ ಪತ್ರಕರ್ತ ಕೇಳಿದನೆಂಬ ಕಥೆ ಇಂದಿಗೂ ಓಡಾಡುತ್ತಿದೆ.

ಇದೇ ಕಾರಿಗಾಗಿ ಕೆಲವೇ ತಿಂಗಳುಗಳಲ್ಲಿ ಜನ ವರ್ಷಗಟ್ಟಲೆ ಕಾಯುವ ಪಟ್ಟಿ ಬೆಳೆಯಿತು. ಹಳ್ಳಿಯ ವೈದ್ಯರು, ಸೂಲಗಿತ್ತಿಯರು, ಪಾದ್ರಿಗಳು, ಸಣ್ಣ ರೈತರಿಗೆ ಮೊದಲ ಆದ್ಯತೆ ಕೊಡಲಾಯಿತು. ಇಲ್ಲಿಯೂ ಲಕ್ಷಣ ತಪ್ಪಿತ್ತು. ಆದರೆ ತಪ್ಪಿದ ಒಂದೊಂದು ಜಾಗಕ್ಕೂ ಒಂದೊಂದು ಉತ್ತರವಿತ್ತು. ತಗಡು ಸುಕ್ಕಾದದ್ದು ತೆಳುವಾಗಿಯೂ ಗಟ್ಟಿಯಾಗಿರಲೆಂದು. ಚಾವಣಿ ಬಟ್ಟೆಯದಾದದ್ದು ತೂಕ ಇಳಿಯಲೆಂದು, ಎತ್ತರದ ಸಾಮಾನು ಹಿಡಿಸಲೆಂದು. ಕಾರು ತಿರುವಿನಲ್ಲಿ ದೋಣಿಯಂತೆ ವಾಲುತ್ತಿದ್ದದ್ದು ಮೊಟ್ಟೆ ಒಡೆಯದ ಮೆತ್ತನೆಯ ಸಸ್ಪೆನ್ಷನ್ನಿನಿಂದಾಗಿ. ಓಡಿಸಿದವರಿಗೆ ಈ ಉತ್ತರಗಳು ಒಂದೊಂದಾಗಿ ತಿಳಿಯುತ್ತ ಹೋದಂತೆ ನಗು ಸಲಿಗೆಯಾಗಿ ಬದಲಾಯಿತು. ಡಚ್ಚರು ಅದಕ್ಕೆ ಇಟ್ಟ ಅಡ್ಡಹೆಸರಿನ ಅರ್ಥ ‘ಕುರೂಪಿ ಬಾತುಕೋಳಿ’ ಎಂದು. ಅದನ್ನು ಅವರು ಮುದ್ದಿನಿಂದಲೇ ಹೇಳುತ್ತಿದ್ದರು. 1990ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 38 ಲಕ್ಷಕ್ಕೂ ಹೆಚ್ಚು ಬಾತುಕೋಳಿಗಳು ರಸ್ತೆಗೆ ಬಂದಿದ್ದವು.

ಉಪಯೋಗದ ಜೊತೆಗೆ ರೂಢಿಯ ಪಾತ್ರವೂ ದೊಡ್ಡದು. 1968ರಲ್ಲಿ ಮನೋವಿಜ್ಞಾನಿ ರಾಬರ್ಟ್ ಝಯೋಂಕ್, ಅರ್ಥವಿಲ್ಲದ ಪದಗಳನ್ನೂ ಚೀನೀ ಲಿಪಿಯನ್ನು ಹೋಲುವ ಅಕ್ಷರಗಳನ್ನೂ ಜನರಿಗೆ ತೋರಿಸಿ, ಹೆಚ್ಚು ಬಾರಿ ಕಂಡದ್ದನ್ನು ಅವರು ಹೆಚ್ಚು ಮೆಚ್ಚುತ್ತಾರೆಂದು ತೋರಿಸಿದ. ಭಾರತದ ರಸ್ತೆಗಳಲ್ಲಿ ಈ ಪ್ರಯೋಗ ಅದಕ್ಕಿಂತ ದೊಡ್ಡ ಪ್ರಮಾಣದಲ್ಲಿ ನಡೆದುಹೋಗಿದೆ. 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್‌ನ ಗುಂಡುಗುಂಡನೆಯ ಒಡಲು ಅಂಬಾಸಡರ್ ಎಂಬ ಹೆಸರಿನಲ್ಲಿ 2014ರವರೆಗೂ ತಯಾರಾಯಿತು. ಇಟಲಿಯ ಫಿಯೆಟ್ 1100 ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. ಬೇರೆ ಆಯ್ಕೆ ಹೆಚ್ಚೇನೂ ಇಲ್ಲದಿದ್ದ ಕಾಲದಲ್ಲಿ ಇವೆರಡೂ ಸುಂದರವೋ ಅಲ್ಲವೋ ಎಂದು ಕೇಳುವುದೇ ಅಸಂಬದ್ಧವಾಗಿತ್ತು. ಕಾರು ಎಂದರೆ ಹಾಗೆಯೇ ಇರುತ್ತಿತ್ತು. ಲಕ್ಷಣ ಯಾವುದೆಂದು ನಿರ್ಧರಿಸಿದ್ದೇ ಅವು. 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬೈನ ಕೊನೆಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಯ ಅವಧಿ ಮುಗಿದಾಗ, ಒಂದನ್ನಾದರೂ ಉಳಿಸಿಡಿ ಎಂಬ ಬೇಡಿಕೆ ಕೇಳಿಬಂದದ್ದು ಅದರ ಅಂದಕ್ಕಾಗಿ ಅಲ್ಲ, ಅದರೊಳಗೆ ಕಳೆದ ವರ್ಷಗಳಿಗಾಗಿ.

ಆಯ್ಕೆ ಹೇರಳವಾಗಿರುವ ಕಡೆ ರೂಢಿಯಾಗುವಷ್ಟು ಕಾಲ ಸಿಗುವುದಿಲ್ಲ. 1998ರಲ್ಲಿ ಫಿಯೆಟ್‌ನ ರೊಬೆರ್ತೊ ಜೋಲಿತೊ ರೂಪಿಸಿದ ಮುಲ್ತಿಪ್ಲಾ ನಾಲ್ಕು ಮೀಟರಿಗಿಂತ ಗಿಡ್ಡ. ಆದರೂ ಎರಡು ಸಾಲಿನಲ್ಲಿ ಮೂರುಮೂರರಂತೆ ಆರು ಜನ ಆರಾಮಾಗಿ ಕೂರಬಹುದಿತ್ತು. ಅದಕ್ಕಾಗಿ ಕಾರು ಅಗಲವಾಯಿತು, ಎತ್ತರವಾಯಿತು. ಗಾಜು ಮತ್ತು ಬಾನೆಟ್ಟಿನ ನಡುವೆ ಒಂದು ಮಡಿಕೆ ಬಂದು, ಅಲ್ಲಿ ಇನ್ನೆರಡು ದೀಪಗಳು ಕೂತವು. ಮುಖಕ್ಕೆ ಹಣೆಯ ಮೇಲೂ ಕಣ್ಣು! ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1999ರ ಕಾರು ಪ್ರದರ್ಶನದಲ್ಲಿ ಅದನ್ನು ಇಟ್ಟಿತು. ಕುರೂಪಿ ಕಾರುಗಳ ಪಟ್ಟಿ ಮಾಡುವವರು ಅದನ್ನು ಮೊದಲ ಸಾಲಿನಲ್ಲಿ ಇಟ್ಟರು. 2004ರಲ್ಲಿ ಕಂಪನಿ ಮಡಿಕೆ ತೆಗೆದು ಎಲ್ಲರಂಥ ಮುಖ ಕೊಟ್ಟಿತು. ಈಗ ಅಭಿಮಾನಿಗಳು ಹುಡುಕಿಕೊಂಡು ಹೋಗುವುದು ಮಡಿಕೆಯಿದ್ದ ಹಳೆಯ ಮುಖವನ್ನೇ. ಎಲ್ಲರೂ ಮುದ್ದುಮಾಡಿದ 2007ರ ಹೊಸ ಫಿಯೆಟ್ 500ರ ಹಿಂದಿದ್ದವನೂ ಇದೇ ಜೋಲಿತೊ.

ಎಲ್ಲ ಅವಲಕ್ಷಣಕ್ಕೂ ಹೀಗೆ ಉತ್ತರ ಇರುವುದಿಲ್ಲ. ಅಮೆರಿಕದಲ್ಲಿ 2000ದಲ್ಲಿ ಮಾರಾಟಕ್ಕೆ ಬಂದ ಪಾಂಟಿಯಾಕ್ ಅಜ್ಟೆಕ್‌ನ ಮೂಲ ಮಾದರಿ, ಹಿಂದಿನ ವರ್ಷದ ಪ್ರದರ್ಶನದಲ್ಲಿ, ತಗ್ಗಾಗಿ ಅಗಲವಾಗಿ ಬೇರೆಯೇ ನಿಲುವಿನಲ್ಲಿತ್ತು. ಖರ್ಚು ಉಳಿಸಲು ಅದನ್ನು ಕಂಪನಿಯಲ್ಲಿ ಆಗಲೇ ಇದ್ದ ಮಿನಿವ್ಯಾನಿನ ಅಡಿಪಾಯದ ಮೇಲೆ ಕೂರಿಸಿದರು. ಒಡಲು ಎತ್ತರಕ್ಕೆ, ಕಿರಿದಾಗಿ ಎದ್ದಿತು, ಚಕ್ರಗಳು ಕುಗ್ಗಿದಂತೆ ಕಂಡವು, ಬದಿಗೆ ಬೂದು ಪ್ಲಾಸ್ಟಿಕ್ ಹಲಗೆಗಳು ಬಂದವು. ಹೀಗೇಕೆ ಎಂದು ಕೇಳಿದರೆ, ಕೊಂಡವನ ಅನುಕೂಲಕ್ಕೆ ಎಂಬ ಉತ್ತರ ಸಿಗುತ್ತಿರಲಿಲ್ಲ. ಕಾರ್ಖಾನೆಯ ಅನುಕೂಲಕ್ಕೆ ಎಂಬುದೇ ಉತ್ತರವಾಗಿತ್ತು. ಮುಂದೆ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯಲ್ಲಿ ಬಾಳು ಹಳಿ ತಪ್ಪಿದ ಮೇಷ್ಟರ ಕಾರಾಗಿ ಬಂದ ಮೇಲೆಯೇ ಅಜ್ಟೆಕ್‌ಗೆ ಒಂದಷ್ಟು ಪ್ರೀತಿ ಸಿಕ್ಕಿದ್ದು. ಇದರ ವಿನ್ಯಾಸಕ ಟಾಮ್ ಪೀಟರ್ಸ್ ನಂತರ ಕಾರ್ವೆಟ್‌ನಂಥ ಚೆಲುವಿನ ಕಾರು ಮಾಡಿ ಹೆಸರಾದ.

ನಗು ಎಲ್ಲಿ ನಿಲ್ಲಬೇಕು, ಪ್ರಶ್ನೆ ಎಲ್ಲಿ ಶುರುವಾಗಬೇಕು ಎಂಬುದಕ್ಕೆ ಬೆಂಗಳೂರಿನ ರೇವಾ ಕಾರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಚೇತನ್ ಮೈನಿ ಮತ್ತು ಸಂಗಡಿಗರು 2001ರಲ್ಲಿ ಮಾರುಕಟ್ಟೆಗೆ ತಂದ ಈ ವಿದ್ಯುತ್ ಕಾರು ಕೇವಲ 2.6 ಮೀಟರ್ ಉದ್ದ. ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್. ಒಡಲಿನ ಹಲಗೆಗಳು ಪ್ಲಾಸ್ಟಿಕ್ಕಿನವು, ಚಕ್ರಗಳು ಚಿಕ್ಕವು, ನಿಲುವು ಇಕ್ಕಟ್ಟಾಗಿ ಎತ್ತರ. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ, ನಗರಪ್ರವೇಶದ ಶುಲ್ಕವಿಲ್ಲದ ಕಾರಾಗಿ ಅದು ನೆಲೆಯೂರಿತು, ಟಿವಿಯವರ ಲೇವಡಿಗೂ ಗುರಿಯಾಯಿತು. ಯುರೋಪಿನಲ್ಲಿ ಅದು ಕಾರಿನ ವರ್ಗಕ್ಕೆ ಸೇರದೆ ಹಗುರವಾದ ನಾಲ್ಕು ಚಕ್ರದ ವಾಹನ ಎನಿಸಿಕೊಂಡಿದ್ದರಿಂದ, ಕಾರುಗಳಿಗಿದ್ದ ಅಪಘಾತ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. 2007ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಮಾಡಿಸಿದ ಡಿಕ್ಕಿ ಪರೀಕ್ಷೆಯಲ್ಲಿ ಗಂಭೀರ ಕೊರತೆಗಳು ಕಂಡವು. ಸುರಕ್ಷತೆ ಸುಧಾರಿಸಿದ ಮಾದರಿ ಆಮೇಲೆ ಬಂತು. ಆಟಿಕೆಯಂತಿದೆ ಎಂದು ನಕ್ಕವರೆಲ್ಲ ಆಕಾರವನ್ನು ನೋಡಿ ನಕ್ಕಿದ್ದರು. ಕೇಳಬೇಕಿದ್ದ ಪ್ರಶ್ನೆ ಒಳಗೆ ಕೂತವರ ಪ್ರಾಣದ್ದಾಗಿತ್ತು. ನಗರದೊಳಗೆ ಒಂದಿಬ್ಬರ ಓಡಾಟಕ್ಕೆ ಪುಟ್ಟ ವಿದ್ಯುತ್ ಕಾರು ಸಾಕು ಎಂಬ ಅದರ ಮೂಲ ಮಾತನ್ನು ಮಾತ್ರ ಯಾವ ಡಿಕ್ಕಿಯೂ ಸುಳ್ಳು ಮಾಡಲಿಲ್ಲ.

ಎಡ್ಸೆಲ್‌ಗೂ ಇದೇ ಆಯಿತು. ಅದು ಬಂದ ವರ್ಷವೇ ಅಮೆರಿಕದಲ್ಲಿ ಆರ್ಥಿಕ ಹಿಂಜರಿತ ಶುರುವಾಗಿತ್ತು. ಅದರ ಬೆಲೆ ಕಂಪನಿಯ ಇತರ ಕಾರುಗಳ ಬೆಲೆಗೇ ಡಿಕ್ಕಿ ಹೊಡೆಯುತ್ತಿತ್ತು. ಜೋಡಣೆಯ ಕುಂದುಗಳಿಂದ ಕೊಂಡವರು ಬೇಸತ್ತಿದ್ದರು. ಇಷ್ಟೆಲ್ಲ ಕಾರಣಗಳನ್ನು ನೆನಪಿಡುವುದು ಯಾರಿಗೂ ಬೇಡವಾಗಿತ್ತು. ಜಾಲರಿ ಎಲ್ಲರಿಗೂ ಕಾಣುತ್ತಿತ್ತು, ಆದ್ದರಿಂದ ತಪ್ಪೆಲ್ಲ ಜಾಲರಿಯದೇ ಆಯಿತು. ಅವಲಕ್ಷಣ ಎಂಬ ತೀರ್ಪಿನ ಅಪಾಯ ಇರುವುದೇ ಇಲ್ಲಿ. ಅದು ಬೇಗ ಸಿಗುತ್ತದೆ, ಎಲ್ಲರೂ ಒಪ್ಪುತ್ತಾರೆ, ಮುಂದಿನ ವಿಚಾರಣೆ ಅಲ್ಲಿಗೇ ನಿಲ್ಲುತ್ತದೆ. ಏರ್‌ಫ್ಲೋದ ಗಾಳಿಸುರಂಗವನ್ನಾಗಲಿ, ಬಾತುಕೋಳಿಯ ಮೊಟ್ಟೆಬುಟ್ಟಿಯನ್ನಾಗಲಿ, ಮುಲ್ತಿಪ್ಲಾದ ಆರನೆಯ ಸೀಟನ್ನಾಗಲಿ ಮೊದಲ ನೋಟಕ್ಕೆ ಕಾಣಲು ಸಾಧ್ಯವಿರಲಿಲ್ಲ. ರಸ್ತೆಯಲ್ಲಿ ಲಕ್ಷಣ ತಪ್ಪಿದ ಕಾರು ಎದುರಾದಾಗ ನಗು ಬರುವುದು ಸಹಜ. ನಕ್ಕಾದ ಮೇಲೆ, ಈ ಮಡಿಕೆ ಯಾರ ಅನುಕೂಲಕ್ಕೆ ಎಂದು ಒಮ್ಮೆ ಕೇಳಿದರೆ ಸಾಕು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ರಾಯ್ ಬ್ರೌನ್ ಮುಪ್ಪಿನಲ್ಲೂ ತನ್ನದೊಂದು ಎಡ್ಸೆಲ್ ಇಟ್ಟುಕೊಂಡು ಓಡಿಸುತ್ತಿದ್ದ. ಆದರೆ ಕಾಲ ಕಳೆದಂತೆ ಹೆರದವರಿಗೂ ಮುದ್ದಾಗುವ ಕಾರುಗಳು ಬಹುಮಟ್ಟಿಗೆ ಆ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿದ್ದವೇ.